ತೂಗು

ಧಾರವಾಡದಿಂದ ಬಸ್ಸಿನ ನೆತ್ತಿಯ ಮೇಲೆ ಬಂದವು
ಹನ್ನೆರಡು ಕೋಲು. ತುದಿಗೊಂದೊಂದು ಬಲೆಚೀಲ.
ಮೀನು ಹಿಡಿಯಾಕೇನ್ರಿ ಟೀಚರ, ಅಂದ ಕಂಡಕ್ಟರ್.
ಲ್ಯಾಕ್ರೋಸ್ ಅಂದೆ. ಲಗೇಜು ಅಂತ ಚೀಟಿ ಹರಿದ.

ಬ್ಯಾಡಗಿ ಕಾಲೇಜಿನ ಮೈದಾನ, ಜನವರಿಯ ಆರು ಗಂಟೆ.
ಗೋಡೆಯಾಚೆ ಮೆಣಸಿನಕಾಯಿ ಕಣ,
ರಾತ್ರಿಯೆಲ್ಲ ಇಬ್ಬನಿ ಕುಡಿದು ಈಗ ಘಾಟು ಬಿಡುತ್ತದೆ.
ನನ್ನ ಸೀಟಿಗೂ ಮೊದಲು ಯಾರದೋ ಸೀನು.

ಪುಸ್ತಕದ ಮಾತು ಇವರ ನಾಲಿಗೆಗೆ ಹತ್ತಲಿಲ್ಲ.
ಓಡುವಾಗ ಚೆಂಡು ಉದುರದಂತೆ
ಕೋಲನ್ನು ಅಲುಗಿಸುತ್ತಲೇ ಇರಬೇಕಲ್ಲ,
ಅದಕ್ಕೊಂದು ಹೆಸರು ನಾನು ಹುಡುಕುವಷ್ಟರಲ್ಲಿ
ಫಕೀರವ್ವ ಅಂದಳು: ಜೋಳಿಗಿ ತೂಗಿದಂಗ ಅಲ್ಲೇನ್ರಿ?
ಮೂವರು ತಮ್ಮಂದಿರನ್ನು ಮಲಗಿಸಿದ ಮಣಿಕಟ್ಟು ಅವಳದು.
ಅಂದಿನಿಂದ ಆ ಪಾಠದ ಹೆಸರು ತೂಗು.
ನೆಲದ ಚೆಂಡೆತ್ತುವುದು ಮೊಗೆ.
ಒಬ್ಬಳು ಸೋತ ಜಾಗಕ್ಕೆ ಪಕ್ಕದವಳು ಜರಗುವುದು
ತುಂಬು.

ದಾಳಿ ಎರಡೇ ದಿನಕ್ಕೆ ಬಂತು.
ಮೂವರು ಇಬ್ಬರ ಮೇಲೆ, ನಾಲ್ವರು ಮೂವರ ಮೇಲೆ;
ಮುನ್ನುಗ್ಗುವುದನ್ನು ಇವರಿಗೆ ಯಾರೂ ಕಲಿಸಬೇಕಿರಲಿಲ್ಲ,
ಬಿಡಬೇಕಿತ್ತು, ಅಷ್ಟೇ.
ಕಷ್ಟವಾದದ್ದು ಕಾಯುವುದು.
ಕೋಲು ನೋಡಬ್ಯಾಡ, ನಡಾ ನೋಡು, ಅಂದೆ.
ಕಣ್ಣು ಸುಳ್ಳು, ಹೆಗಲು ಸುಳ್ಳು,
ಕೋಲಂತೂ ಹುಟ್ಟಾ ಸುಳ್ಳ.
ನಡಾ ಎತ್ತಾಗ ತಿರುಗತೈತಿ, ಹುಡುಗಿ ಅತ್ತಾಗ.
ಆರು ವಾರ ಅಂದೆ.
ಆರು ವಾರ ಸುಹಾನಾ ಕೋಲನ್ನೇ ನೋಡಿದಳು,
ಗುತ್ತೆವ್ವ ಎಡಕ್ಕೆ ಆಡಿಸಿ ಬಲಕ್ಕೆ ದಾಟಿದಳು,
ತುಂಬಬೇಕಾದ ಐಶ್ವರ್ಯ
ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ ಜಡೆ ಕಟ್ಟುತ್ತಿದ್ದಳು.
ಮತ್ತೆ. ಮತ್ತೆ. ಸೀನು. ಮತ್ತೆ.

ಆ ಮಂಗಳವಾರ ಆಚೆ ರಸ್ತೆಯಲ್ಲಿ
ಮಾಲತೇಶಣ್ಣ ತನ್ನ ಓಟದ ಹೋರಿಗೆ ತಾಲೀಮು ಕೊಡುತ್ತಿದ್ದ.
ಹೋರಿಯ ಹೆಸರು ಸಾಹುಕಾರ.
ದಿನಾ ಹುರುಳಿ, ಹತ್ತಿಕಾಳು, ಮೇಲೆ ಮೊಟ್ಟೆ;
ಹಬ್ಬದಲ್ಲಿ ಕೊಬ್ಬರಿ ಹಾರದ ಸಮೇತ
ಯಾರ ಕೈಗೂ ಸಿಗದೆ ಓಡಿ ಬೈಕು ಗೆದ್ದದ್ದು.
ಹಗ್ಗ ಜಾರಿತು. ನಮ್ಮ ಗೇಟು ತೆರೆದಿತ್ತು.

ಹುಡುಗಿಯರು ಚೆಲ್ಲಾಪಿಲ್ಲಿ ಓಡುತ್ತಾರೆ ಅಂದುಕೊಂಡೆ.
ಓಡಿದ್ದು ನಾನು, ನಾಲ್ಕು ಹೆಜ್ಜೆ.
ಬೆನ್ನ ಹಿಂದೆ ಸುಹಾನಾಳ ದನಿ:
ಕೋಡು ನೋಡಬ್ಯಾಡ್ರೇ! ಇಣಿ ನೋಡ್ರಿ, ಇಣಿ!

ತಿರುಗಿ ನೋಡಿದರೆ ಐವರು
ಮೊಣಕಾಲು ಮಡಿಸಿ, ಕೋಲು ಮುಂದೆ ಹಿಡಿದು,
ಕಾಲಿಗೆ ಕಾಲು ತೊಡರದಂತೆ ಅಡ್ಡಡ್ಡ ಜರಗುತ್ತ,
ಅದಕ್ಕೆ ಗೇಟಿನ ದಾರಿ ಒಂದನ್ನೇ ಬಿಟ್ಟು.
ಎಡಕ್ಕೆ ಬಂತು. ತುಂಬು!
ಐಶ್ವರ್ಯ ಅಲ್ಲಿದ್ದಳು, ಜಡೆ ಅರ್ಧಕ್ಕೇ ಬಿಚ್ಚಿತ್ತು.
ಬಲಕ್ಕೆ. ತುಂಬು!
ಗುತ್ತೆವ್ವ, ಜನ್ಮದಲ್ಲಿ ಹಿಂದಕ್ಕೆ ಹೆಜ್ಜೆಯಿಡದವಳು,
ಹಿಂದಕ್ಕೆ, ಹಿಂದಕ್ಕೆ, ಮೆತ್ತಗೆ.
ಸಾಹುಕಾರ ನಿಂತಿತು. ಮೂಗರಳಿಸಿತು.
ಘಾಟು ಅದಕ್ಕೂ ಏರಿರಬೇಕು,
ಮೈದಾನವೆಲ್ಲ ಮೊಳಗುವಂತೆ ಸೀನಿ,
ಸಗಣಿ ಹಾಕಿ, ತಾನಾಗಿ ಗೇಟಿನತ್ತ ನಡೆಯಿತು.

ಹೋರಿ ತಡವಾಕ ಇವ್ರಿಗೆ ಕಲಿಸಿದವ್ರು ಯಾರ್ರೀ?
ಮಾಲತೇಶಣ್ಣ ಏದುಸಿರಲ್ಲಿ ಕೇಳಿದ.
ನಾನು ಸೀಟಿಯ ದಾರ ಸರಿ ಮಾಡಿಕೊಂಡೆ.

(ಮುಂದಿನ ರವಿವಾರ ಹುಬ್ಬಳ್ಳಿಯಲ್ಲಿ
ಹನ್ನೊಂದು ಗೋಲು ತಿಂದೆವು.
ಅವರಿಗೆ ಕೋಡಿರಲಿಲ್ಲ.)

ಆವತ್ತು ಧೂಳು ಇಳಿದ ಮೇಲೆ ಲೆಕ್ಕ ಹಾಕಿದೆ:
ಹನ್ನೆರಡು ಹುಡುಗಿಯರು, ಹನ್ನೆರಡು ಕೋಲು.
ಚೆಂಡೆಲ್ಲೈತೆ?
ಯಾರಿಗೂ ಗೊತ್ತಿಲ್ಲ.
ಫಕೀರವ್ವ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು,
ತುಟಿ ಬಿಳಿಚಿ, ಕಣ್ಣು ಮುಚ್ಚಿ, ಕಾಲು ನಡುಗುತ್ತ.
ಕೋಲು ಕಿವಿಯ ಪಕ್ಕಕ್ಕೆ ಒರಗಿತ್ತು.
ಮಣಿಕಟ್ಟು ತನ್ನ ಪಾಡಿಗೆ ತಾನು
ತೂಗುತ್ತಲೇ ಇತ್ತು.