ದುಂಡು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಹರಾಜು ಮುಗಿದ ಹೊತ್ತು.
ಕಪ್ಪು ಪರದೆಯಲ್ಲಿ ಒಂದೇ ಸಾಲು ಟೈಪಿಸಿ ಎಂಟರ್ ಒತ್ತುತ್ತೇನೆ:
ಈ ಬದಿಯಿಂದ ಲಾಟುಗಳ ಪಟ್ಟಿ ಹೋಗುತ್ತದೆ,
ಆ ಬದಿಯಿಂದ ಬರುತ್ತದೆ.
ಹೆಸರು ಮುಟ್ಟುವುದಿಲ್ಲ, ಊರು ಮುಟ್ಟುವುದಿಲ್ಲ,
ನಡುವಿನ ಖಾಲಿ ಜಾಗವನ್ನೂ ಕದಲಿಸುವುದಿಲ್ಲ,
ಅಂಕಿ ಸಿಕ್ಕರೆ ಮಾತ್ರ
ಚುಕ್ಕಿಯಾಚೆಯ ಬಾಲ ಕತ್ತರಿಸುತ್ತದೆ.
ನಾನೇ ಬರೆದದ್ದು, ನಲವತ್ತು ಸಾಲು.
ಹೆಸರು, ದುಂಡು.

ಪಿಳ್ಳಮ್ಮ ಚೀಟಿ ಹಿಡಿದು ಬಂದಳು.
‘ನಂದು ಅರವತ್ತೆರಡೂವರೆ. ಇಲ್ಲಿ ಅರವತ್ತೆರಡು.
ಬ್ಯಾಟಪ್ಪಂದು ಅರವತ್ತಮೂರೂವರೆ, ಅವನಿಗೆ ಅರವತ್ನಾಲ್ಕು!
ನಿನ್ ಮಿಷನ್ನಿಗೂ ಜಾತಿ ಐತೇನಪ್ಪಾ?’

ಇಲ್ಲಮ್ಮ, ಅರೆ ಬಂದರೆ
ಸಮಸಂಖ್ಯೆ ಯಾವ ಕಡೆಯೋ ಆ ಕಡೆ ವಾಲಬೇಕು,
ಒಮ್ಮೆ ಮೇಲೆ, ಒಮ್ಮೆ ಕೆಳಗೆ,
ಸಾವಿರ ಲಾಟು ಕೂಡಿದರೆ ಲೆಕ್ಕ ಸರಿಹೋಗುತ್ತೆ.

‘ಸಾವಿರ ಲಾಟು ನಂದಲ್ಲ.’

ಮಡಿಲಿಂದ ಒಂದು ಹಿಡಿ ತೆಗೆದು
ಕೀಬೋರ್ಡಿನ ಮೇಲೆ ಸುರಿದಳು.
ಬಿಳಿ ಗೂಡುಗಳು, ಒಂದೂ ದುಂಡಗಿಲ್ಲ,
ಎಲ್ಲಕ್ಕೂ ನಡುವೆ ಸಣ್ಣ ಸೊಂಟ.
ಇಂಥವು ಇನ್ನೂರೈವತ್ತಾದರೆ ಅರ್ಧ ಕೇಜಿ,
ಒಂದೊಂದರೊಳಗೂ ಸಾವಿರ ಮೀಟರಿನಷ್ಟು ಎಳೆ,
ತಾನು ಯಾವ ಕಡೆ ವಾಲಿದೆನೆಂದು ತಿಳಿಯದೆ
ಮಲಗಿರುವ ಹುಳ.

ಗೂಡು ಬಿದ್ದು ಪರದೆಯ ತುಂಬ
ಜಜಜಜಜಜಜ.

ಅಳಿಸಿದೆ.
ಚುಕ್ಕಿಯಾಚೆ ಮೂರು ಅಂಕಿ ಇರಲಿ ಎಂದು ಬರೆದೆ.
ಅರವತ್ತೆರಡು ಕೇಜಿ, ಐನೂರು ಗ್ರಾಂ.
ಅವಳು ಗೂಡುಗಳನ್ನು ಎಣಿಸಿಯೇ ಮಡಿಲಿಗೆ ಹಾಕಿಕೊಂಡಳು.

ಸಂಜೆ ಬೀಗ ಹಾಕುವಾಗ ನೆನಪಾಯಿತು:
ಬ್ಯಾಟಪ್ಪ ಆಗಲೇ ದುಡ್ಡು ತಗೊಂಡು
ಚಿಂತಾಮಣಿ ಬಸ್ಸು ಹತ್ತಿದ್ದಾನೆ.
ಆ ಅರ್ಧ ಕೇಜಿಯನ್ನು ಅವನ ಹತ್ತಿರ
ಹೇಗೆ ಕೇಳುವುದು?