ಹತ್ತರಿಂದ ನಾಲ್ಕರವರೆಗೆ

ಅನುಮತಿ ಪತ್ರ ಒಂದೇ ಹಾಳೆ, ಷರತ್ತು ಹನ್ನೊಂದು:
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ,
ಅಟ್ಟ ಹತ್ತತಕ್ಕದ್ದಲ್ಲ,
ಗುಡಿಸುವುದಕ್ಕೆ ಮೂರು ದಿನ,
ನೋಡುವುದಕ್ಕೆ ಒಂದು ಭಾನುವಾರ,
ಹತ್ತರಿಂದ ನಾಲ್ಕರವರೆಗೆ.
ಆಮೇಲೆ ಬೀಗ.

ಬೀಗವೇನೋ ಇತ್ತು. ಕೀಲಿ ಇರಲಿಲ್ಲ.
ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಪುರಸಭೆ ಅಂದರು,
ಪುರಸಭೆಯಲ್ಲಿ ಕೇಳಿದರೆ ನಕ್ಕರು.
ಕೊನೆಗೆ ಸಿಕ್ಕಿದ್ದು
ನಿವೃತ್ತ ದಫೇದಾರ್ ಪಿಳ್ಳಾಂಜಿನಪ್ಪನವರ ದೇವರ ಗೂಡಿನಲ್ಲಿ,
ಕುಂಕುಮ ಹಚ್ಚಿಸಿಕೊಂಡು, ಗೇಣುದ್ದ.
"ಮೂವತ್ತು ವರ್ಷ ಸೊಂಟದಲ್ಲಿದ್ದದ್ದು, ಇನ್ನೆಲ್ಲಿಡಲಿ?"
ಜೊತೆಗೇ ಬಂದರು. ಕೈಗೆ ಮಾತ್ರ ಕೊಡಲಿಲ್ಲ.

ಶಿಡ್ಲಘಟ್ಟದ ಹಳೆ ಖಜಾನೆ ಹಾಗೆ ತೆರೆದುಕೊಂಡಿತು.
ಮೊದಲು ಬಾವಲಿ, ಆಮೇಲೆ ವಾಸನೆ, ಆಮೇಲೆ ನಾವು:
ಒಂಬತ್ತನೇ ಕ್ಲಾಸಿನ ಹುಡುಗರು,
ಗೂಡು ಮಾರುಕಟ್ಟೆಯ ಹಮಾಲಿ ಖಲಂದರ್,
ಡ್ರಾಯಿಂಗ್ ಮೇಷ್ಟ್ರು ನಾನು.
ತೊಲೆಯ ಮೇಲೆ ಗೆದ್ದಲು ಬಿಡಿಸಿದ ಚಿತ್ತಾರ
ನನ್ನ ಹುಡುಗರದ್ದಕ್ಕಿಂತ ಚೆನ್ನಾಗಿತ್ತು, ಹೇಳಲಿಲ್ಲ.
ಖಲಂದರ್ ಗೋಣಿತಾಟು ಹಾಸಿದ.
ಅದರಲ್ಲೊಂದು ರೇಷ್ಮೆಗೂಡು ಸಿಕ್ಕಿಕೊಂಡಿತ್ತು, ಹಾಗೇ ಬಿಟ್ಟೆವು.

ಫಲಕ ಬರೆಯಲು ಕೂತಾಗ ಗೊತ್ತಾಯಿತು
ನಮಗೆ ಏನೂ ಗೊತ್ತಿಲ್ಲ ಅಂತ.
ಕಟ್ಟಿದ್ದು ಯಾವಾಗ? ಒಬ್ಬೊಬ್ಬರದು ಒಂದೊಂದು ಇಸವಿ.
ಕಟ್ಟಿದವರು?
ಒಳಗೋಡೆಯ ಗಾರೆಯಲ್ಲಿ ಒಂದು ಅಂಗೈ ಗುರುತು,
ಚಿಕ್ಕದು, ಹೆಂಗಸಿನದೋ ಮಗುವಿನದೋ.
ಸುತ್ತ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ.
ಮೊಳೆಯಲ್ಲವಲ್ಲ.

ಭಾನುವಾರ ಹನ್ನೊಂದಾದರೂ ಯಾರೂ ಇಲ್ಲ.
ಒಂದು ಮೇಕೆ ಬಂದು ರಂಗೋಲಿ ಮೂಸಿ ಹೋಯಿತು.
ಮಜ್ಜಿಗೆ ಕೊಳಗದ ಮೇಲೆ ನೊಣ.
ಆಮೇಲೆ ಪಿಳ್ಳಮುನಿಯಮ್ಮ ಬಂದರು,
ನೂಲು ಬಿಚ್ಚಾಣಿಕೆಯ ಬಿಸಿನೀರಿಗೆ ಬಿಳಿಚಿದ ಬೆರಳು
ಮೊಮ್ಮಗಳ ಹೆಗಲ ಮೇಲೆ.
ಮೆಟ್ಟಿಲ ಹತ್ತಿರ ನಿಂತರು. ಹತ್ತಲಿಲ್ಲ.
ಬಳಸಿಕೊಂಡು ಪಕ್ಕದ ಗೋಡೆಗೆ ಹೋದರು,
ಸರಳಿನ ಕಿಂಡಿಯ ಕೆಳಗೆ,
ಚಪ್ಪಡಿ ಸವೆದು ಬಟ್ಟಲಾದ ಜಾಗಕ್ಕೆ ಸರಿಯಾಗಿ.
"ವಿಧವಾ ವೇತನಕ್ಕೆ ಇಲ್ಲೇ ನಿಲ್ತಿದ್ದದ್ದು ನಾವು.
ಒಳಗೆ ಕರೆದೋರೇ ಇಲ್ಲ."

ದಫೇದಾರರು ನೆಲ ನೋಡಿದರು.
ಕೀಲಿ ಕೈ ಬದಲಾಯಿಸಿತು,
ಎಡಗೈಯಿಂದ ಬಲಗೈಗೆ, ಅಷ್ಟೆ.
"ಬಾರಮ್ಮ," ಅಂದರು, "ಬಾಗಿಲು ತೆಗೆದೈತಲ್ಲ."

ಕಬ್ಬಿಣದ ಪೆಟ್ಟಿಗೆ ನೋಡಲಿಲ್ಲ ಆಕೆ,
ರಾತ್ರಿಯೆಲ್ಲ ಕೂತು ಬರೆದ ನನ್ನ ಫಲಕ ನೋಡಲಿಲ್ಲ,
ನೆಟ್ಟಗೆ ಕಿಂಡಿಗೆ ಹೋಗಿ
ಗುಮಾಸ್ತರ ಸ್ಟೂಲಿನ ಮೇಲೆ ಕೂತರು.
"ಅಯ್ಯೋ, ಇಲ್ಲಿಂದ ಬರೀ ನೆತ್ತಿ ಕಾಣ್ತದೆ.
ಮಕ ಕಾಣ್ಸಲ್ಲ."
ಸ್ವಲ್ಪ ಹೊತ್ತು ಸುಮ್ಮನಿದ್ದು,
ಯಾರದೋ ದನಿ ತೆಗೆದು ಗದರಿದರು:
"ಸಾಹೇಬರು ಊಟಕ್ಕೆ ಹೋಗವ್ರೆ! ನಾಳೆ ಬಾ!"

ಹೊರಗೆ ಮೊಮ್ಮಗಳು ನಕ್ಕು ನಕ್ಕು, "ಕೊಡಜ್ಜೀ" ಅಂದಳು.
ಸೆರಗಿನ ಗಂಟು ಬಿಚ್ಚಿ
ಒಂದು ಪೆಪ್ಪರ್‌ಮಿಂಟು ಸರಳಿನಾಚೆ ಇಟ್ಟರು.
"ಹೆಬ್ಬೆಟ್ಟು ಒತ್ತಿ ತಗೊ."

ಅದು ಹೇಗೆ ಊರಿಗೆಲ್ಲ ಹಬ್ಬಿತೋ,
ಎರಡು ಗಂಟೆಗೆ ಗೋಡೆಗುಂಟ ಸಾಲು,
ಬಾಗಿಲಿಗಲ್ಲ, ಕಿಂಡಿಗೆ.
ಒಬ್ಬರು ಒಳಗೆ ಕೂರುವುದು, ಒಬ್ಬರು ಹೊರಗೆ ನಿಲ್ಲುವುದು,
ಆಮೇಲೆ ಅದಲು ಬದಲು.
ಪೆಪ್ಪರ್‌ಮಿಂಟು ಮುಗಿದು ಕಡಲೆಬೀಜ ಬಂತು.
ಫಲಕ ಓದಿದವನು ಒಬ್ಬನೇ, ಅವನೂ
ಕಾಗುಣಿತ ತಪ್ಪು ತೋರಿಸಿ ಹೋದ.

ನಾಲ್ಕಕ್ಕೆ ಐದು ನಿಮಿಷ. ಎಲ್ಲ ಖಾಲಿ.
ಬೀಗ ಹಾಕಲು ಕರೆಯೋಣವೆಂದು ಬಳಸಿ ಬಂದರೆ
ಸವೆದ ಚಪ್ಪಡಿಯ ಮೇಲೆ
ಪಿಳ್ಳಾಂಜಿನಪ್ಪನವರು, ಟೋಪಿ ಕಂಕುಳಲ್ಲಿ.
ಒಳಗೆ ಯಾರೂ ಇರಲಿಲ್ಲ.
ಆದರೂ ನಿಂತಿದ್ದರು.