ಎಂಟು ಚೌಕ

ಅವಾಲಿಯ ಎಣ್ಣೆ ಕಂಪೆನಿಯ ಬಯಲು ಟಾಕೀಸಿನಲ್ಲಿ
ಗುರುವಾರ ರಾತ್ರಿ ಕುದುರೆ ಪಿಕ್ಚರು.
ಸುಣ್ಣ ಬಳಿದ ಗೋಡೆಯೇ ಪರದೆ.
ಆಚೆಗೆ ಗ್ಯಾಸು ಉರಿಯುವ ಕೊಳವೆ,
ಅದು ಭುಗ್ಗೆಂದಾಗೆಲ್ಲ ಅಮೆರಿಕದ ಇರುಳು
ಸ್ವಲ್ಪ ಬೆಳಗಾಗುತ್ತಿತ್ತು.

ನಾನು ತಗಡಿನ ಗೂಡಲ್ಲಿ ಕಾರ್ಬನ್ ಕಡ್ಡಿ ಉರಿಸುವವ.
ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಮೋನಾಕ.
ಮೋನಾಕ ನನ್ನ ಭಾವ. ಹಡಗು ಹತ್ತುವ ವಾರ ಕಾಮಾಲೆಯಾಗಿ
ಉಪ್ಪಿನಂಗಡಿಯಲ್ಲೇ ಉಳಿದ.
ಕಾಗದ ಹಾಳಾಗಬಾರದೆಂದು ಅಕ್ಕ ನನ್ನನ್ನು ಕಳಿಸಿದಳು.
ನಾನು ಇದಿನಬ್ಬ.

ವೆಂಡಲ್ ಹ್ಯಾಸ್ಕೆಟ್, ಪೈಪು ಬೆಸೆಯುವವ, ಎಡಮೊಣಕಾಲು ಮಡಚದು,
ಸಾಹೇಬರ ಬೆತ್ತದ ಕುರ್ಚಿ ಬಿಟ್ಟು
ನನ್ನ ಬಾಗಿಲಲ್ಲಿ ರೀಲು ಡಬ್ಬದ ಮೇಲೆ ಕೂರುತ್ತಿದ್ದ.
"ನೀನು ಇಂಡಿಯನ್ನೋ?" ಕೇಳಿ ಕೆಮ್ಮು ಬರುವಷ್ಟು ನಕ್ಕ.
"ನಾನೂ ಆಗಿದ್ದೆ ಮಾರಾಯ. ಬೆಳಿಗ್ಗೆ ಗರಿ ಕಟ್ಟಿ ಸತ್ತು,
ಊಟದ ಮೇಲೆ ನೀಲಿ ಕೋಟು ಹಾಕಿ
ನನ್ನನ್ನೇ ಗುಂಡಿಟ್ಟು ಕೊಂದವ."
ಮಾರಾಯ ಅನ್ನುವುದು ನಾನು ಸೇರಿಸಿದ್ದು.

ಆಮೇಲೆ ಪರದೆಯಲ್ಲಿ ಒಂದು ಕಥೆ,
ನನ್ನ ಕಿವಿಯಲ್ಲಿ ಅದರ ಹಿತ್ತಿಲು.
ಹೀರೋಗೆ ಕುದುರೆಯೆಂದರೆ ಕೈಕಾಲು ನಡುಕ;
ಹತ್ತಿರದ ಚಿತ್ರವೆಲ್ಲ ಮರದ ಪೀಪಾಯಿಯ ಮೇಲೆ,
ಇಬ್ಬರು ಕೂಲಿಗಳು ಕೆಳಗಿಂದ ಅಲ್ಲಾಡಿಸುವುದು.
ರಕ್ತ ಚಾಕಲೇಟಿನ ಪಾಕ, ನೊಣ ಮಾತ್ರ ಅಸಲಿ.
ಆ ಬೆಳದಿಂಗಳುಂಟಲ್ಲ, ಅದು ನಡುಮಧ್ಯಾಹ್ನ,
ಕ್ಯಾಮೆರಾದ ಕಣ್ಣಿಗೆ ಕಪ್ಪು ಗಾಜು.
ಇದು ನನಗೆ ಹಿಡಿಸಿತು. ಜುಲೈಯಲ್ಲಿ
ಪೈಪಿನ ನೆರಳಿಗೆ ಮಲಗಿದ ನಮ್ಮವರಿಗೆ ಹೇಳಿದೆ,
ಬೆಳದಿಂಗಳು ಅಂತ ತಿಳಿಯಿರಿ.
ಒಬ್ಬ ಚಪ್ಪಲಿ ಎಸೆದ.

ಡೈರೆಕ್ಟರು ಓರಿನ್ ಕ್ರೇಲ್, ಬಾಯಲ್ಲಿ ಸದಾ ಲವಂಗ,
ಬೈಯುವುದಿಲ್ಲ, ಹೊಗಳುವುದಿಲ್ಲ, ಒಂದೇ ಮಾತು: "ಇನ್ನೊಮ್ಮೆ."
ಸಾರಾಯಿ ಅಂಗಡಿಯ ಮಾಡಿನಿಂದ ವೆಂಡಲ್ ಹನ್ನೊಂದು ಸಲ ಬಿದ್ದ.
ಒಂಬತ್ತನೆಯದಕ್ಕೆ ಮೊಣಕಾಲು ಹೋಯಿತು.
ಹನ್ನೊಂದನೆಯದಕ್ಕೆ ಟೊಪ್ಪಿ ಹಾರಿ
ಮುಖ ಕಂಡಿತು.
ಬದಲಿ ಆಳಿನ ಮುಖ ಕಾಣಬಾರದು, ಅದು ಕಾನೂನು.
ಕ್ರೇಲ್ ಅದನ್ನೇ ಇಟ್ಟ. ಯಾಕೆಂದು ಹೇಳಲಿಲ್ಲ,
ಲವಂಗ ಉಗಿದು ಊಟಕ್ಕೆ ಹೋದನಂತೆ.

ಆ ಪಿಕ್ಚರು ಒಂದು ಚಳಿಗಾಲ ನಮ್ಮಲ್ಲಿಗೂ ಬಂತು.
ಬೇರೆ ಡಬ್ಬ ತರುವ ಹಡಗು ತಡ, ನಾಲ್ಕು ವಾರ ಅದೇ.
ಆರನೇ ರೀಲಿಗೆ ವೆಂಡಲ್ ಏಳುವ,
ಕಾಲೆಳೆದುಕೊಂಡು ಬಂದು ಕಿಂಡಿಗೆ ಕಣ್ಣಿಡುವ.
ಮಾಡು. ಗುಂಡು. ಟೊಪ್ಪಿ. "ಅಗೋ."
ಸೆಕೆಂಡಿನ ಮೂರನೇ ಒಂದು ಪಾಲು.
ಉಳಿದ ಮುನ್ನೂರು ಜನಕ್ಕೆ ಬಿದ್ದವ ಹೀರೋನೇ.

ಮೂರನೇ ವಾರ ಶಮಾಲ್ ಬೀಸಿತು.
ಯಂತ್ರದ ಬಾಯಿಗೆ ಮರಳು ಹೊಕ್ಕು
ಫಿಲ್ಮು ಅಲ್ಲಿಯೇ, ಸರಿಯಾಗಿ ಅಲ್ಲಿಯೇ, ಹರಿಯಿತು.
ಜನರ ಸಿಳ್ಳೆ. ಬ್ಲೇಡು ತೆಗೆದೆ, ಕತ್ತರಿಸಿದೆ, ಕೆರೆದೆ, ಅಂಟಿಸಿದೆ.
ಎಂಟು ಚೌಕ ಕಾಲ ಬುಡಕ್ಕೆ ಬಿದ್ದವು.
ಅವ ಆವತ್ತು ಜ್ವರ ಬಂದು ಮಲಗಿದ್ದ.

ಮುಂದಿನ ಗುರುವಾರ ಎದ್ದು ಬಂದ.
ಮಾಡು. ಗುಂಡು. ನೆಲ.
ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ ತುಂಬಾ ಹೊತ್ತು.
ನಾನು ಏನೋ ಹುಡುಕುವವನ ಹಾಗೆ ಬಗ್ಗಿದ್ದೆ.
"ಇನ್ನೊಮ್ಮೆ," ಅಂದ, ಕ್ರೇಲಿನ ದನಿಯಲ್ಲಿ.
ನಕ್ಕನೋ ಏನೋ. ಕಾರ್ಬನಿನ ಬೆಳಕಲ್ಲಿ
ಯಾರ ಮುಖವೂ ಸರಿ ಕಾಣುವುದಿಲ್ಲ.

ಬೆಂಕಿಪೊಟ್ಟಣದೊಳಗೆ ಎಂಟೂ ನನ್ನ ಕಿಸೆಯಲ್ಲೇ ಇದ್ದವು.
ಕೊಡಬಹುದಿತ್ತು.
ರಂಜಾನಿಗೆ ಮುಂಚೆ ಅವನನ್ನು ದಹ್ರಾನಿಗೆ ಹಾಕಿದರು.

ಈಗಲೂ ಉಂಟು. ಕಿಟಕಿಗೆ ಹಿಡಿದರೆ
ಮೊದಲನೆಯದರಲ್ಲಿ ಟೊಪ್ಪಿ ಆಗಷ್ಟೇ ಎದ್ದಿದೆ,
ಐದನೆಯದರಲ್ಲಿ ಕಣ್ಣು ಮುಚ್ಚಿದ್ದಾನೆ,
ಬಾಯಿ ತೆರೆದಿದೆ, ನೋವಿಗಲ್ಲ,
ಹಾಜರಿ ಕರೆದಾಗ ಓಗೊಡುವ ಹಾಗೆ.

ಇಪ್ಪತ್ತಾರು ವರ್ಷಕ್ಕೆ ಕಂಪೆನಿ ನನಗೊಂದು ವಾಚು ಕೊಟ್ಟಿತು,
ಹಿಂದೆ ಹೆಸರು ಕೆತ್ತಿಸಿ. ಊರಿಗೆ ಹೋದವ
ಭಾವನಿಗೇ ಕೊಟ್ಟೆ.
ಅವನ ಕೈಗೆ ಸರಿಯಾಗಿ ಕೂತಿತು.